ಮೊದಲ ದಿನ ಎಷ್ಟು ಬಸ್ಕಿ?

ವೇದಗಂಗೆ ಮತ್ತು ದೂಧಗಂಗೆ ಸಹ್ಯಾದ್ರಿಯಿಂದ ಇಳಿದು ಬಂದು ಭೋಜ ಎಂಬ ಊರಿನ ಹತ್ತಿರ ಕೂಡುತ್ತವೆ. ಅಲ್ಲಿಂದ ಮುಂದೆ ಒಂದೇ ಹೊಳೆಯಾಗಿ ಕೃಷ್ಣೆಯ ಕಡೆ ಸಾಗುತ್ತವೆ. ಈ ಸಂಗಮದ ಬಗ್ಗೆ ಜೈನ ಮನೆಗಳಲ್ಲಿ ಹೇಳುವ ಒಂದು ಸಂಗತಿಯಿದೆ. ಭೋಜದ ಸಾತಗೌಡ ಪಾಟೀಲ ಎಂಬ ಯುವಕ ಮುನಿ ಆದಿಸಾಗರರನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಳೆ ದಾಟಿಸುತ್ತಿದ್ದನಂತೆ. 1872ರಲ್ಲಿ ಹುಟ್ಟಿದ ಆ ಸಾತಗೌಡರೇ ಮುಂದೆ ಆಚಾರ್ಯ ಶಾಂತಿಸಾಗರರಾದರು. ಕೇಳುವವರು ಅದರಲ್ಲಿ ಭಕ್ತಿಯನ್ನು ಕಾಣುತ್ತಾರೆ. ನನಗೆ ಭಕ್ತಿಯ ಜೊತೆಗೆ ಆ ಹೆಗಲೂ ಕಾಣುತ್ತದೆ. ಸೊಂಟದ ಮಟ್ಟದ ನೀರು ಪಕ್ಕದಿಂದ ನೂಕುತ್ತಿರುತ್ತದೆ, ಕಾಲಡಿಯ ಕಲ್ಲು ಜಾರುತ್ತದೆ, ಮೇಲೆ ಒಬ್ಬ ಮನುಷ್ಯನ ಭಾರ. ಅಷ್ಟನ್ನೂ ತಡೆದುಕೊಳ್ಳುವ ತೊಡೆ, ಬೆನ್ನು, ಪಾದ ಒಂದು ದಿನದಲ್ಲಿ ತಯಾರಾದವಲ್ಲ.

ಅವನ್ನು ತಯಾರು ಮಾಡಿದ್ದು ಹೊಲ. ಒಕ್ಕಲುತನದ ಮನೆಯ ಹುಡುಗ ಆರು ವರ್ಷಕ್ಕೆ ಹುಲ್ಲಿನ ಸಿವುಡು ಹೊರುತ್ತಾನೆ, ಹತ್ತಕ್ಕೆ ಮೇವಿನ ಹೊರೆ, ಹದಿನಾಲ್ಕಕ್ಕೆ ಅರ್ಧ ಚೀಲ, ಮೀಸೆ ಮೂಡುವ ಹೊತ್ತಿಗೆ ತುಂಬಿದ ಚೀಲ. ಯಾರೂ ಲೆಕ್ಕ ಬರೆದಿಡುತ್ತಿರಲಿಲ್ಲ. ಆದರೆ ಮನೆಯ ಹಿರಿಯನ ಕಣ್ಣು ಹುಡುಗನ ಮೇಲೆ ಇರುತ್ತಿತ್ತು. ‘ಅದನ್ ಹೊರಬ್ಯಾಡ, ಇನ್ನಾ ಸಣ್ಣಾವ ಅದಿ’ ಎಂಬ ಮಾತು ಹೊಲದಲ್ಲಿ ದಿನಾ ಕೇಳುವಂಥದ್ದು. ಭಾರ ನಿಧಾನಕ್ಕೆ ಏರುತ್ತಿತ್ತು, ಮೈ ಅದರ ಹಿಂದೆ ಹಿಂದೆ ಬರುತ್ತಿತ್ತು.

ಈಗ ಭೋಜದ ಸುತ್ತಲಿನ ಹೊಲದಲ್ಲಿ ಟ್ರ್ಯಾಕ್ಟರ್ ಇದೆ, ನೀರಿಗೆ ಪಂಪು ಇದೆ, ಕಬ್ಬು ಕಡಿಯಲು ಹೊರಗಿನಿಂದ ಗ್ಯಾಂಗು ಬರುತ್ತದೆ. ಮನೆಯ ಹುಡುಗ ಹದಿನೆಂಟರವರೆಗೆ ಬೆಂಚಿನ ಮೇಲೆ ಕೂತು ಓದಿ, ಬೈಕಿನ ಮೇಲೆ ಓಡಾಡಿ, ಒಂದು ದಿನ ನಿಪ್ಪಾಣಿಗೋ ಚಿಕ್ಕೋಡಿಗೋ ಹೋಗಿ ಜಿಮ್ಮಿಗೆ ಹೆಸರು ಹಚ್ಚುತ್ತಾನೆ. ಹನ್ನೆರಡು ವರ್ಷಗಳಲ್ಲಿ ಏರಬೇಕಾದ ಭಾರ ಹನ್ನೆರಡು ದಿನಗಳಲ್ಲಿ ಏರಬೇಕೆಂಬ ಆಸೆ ಅವನಿಗೆ. ಎಷ್ಟು ಎತ್ತಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಹೇಳುವ ಹಿರಿಯನ ಜಾಗದಲ್ಲಿ ಈಗ ಒಬ್ಬ ಟ್ರೇನರ್ ನಿಂತಿದ್ದಾನೆ. ಆ ಜಾಗಕ್ಕೆ ಅವನು ತಕ್ಕವನೇ ಎಂದು ಗುರುತಿಸುವುದು ಹೇಗೆ? ಈ ಅಧ್ಯಾಯವನ್ನು ನಾನು ಬರೆಯುತ್ತಿರುವುದು ಅದಕ್ಕಾಗಿಯೇ, ಮತ್ತು ನಮ್ಮ ಮನೆಯಲ್ಲೇ ಆದ ಒಂದು ಘಟನೆಯಿಂದಾಗಿ.

ನನ್ನ ಅಕ್ಕನ ಮಗನಿಗೆ ಆಗ ಹತ್ತೊಂಬತ್ತು. ಸೈನ್ಯಕ್ಕೆ ಸೇರುವ ಹಂಬಲ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರವೇ ಇರುವುದರಿಂದ ನಮ್ಮ ಸೀಮೆಯ ಹುಡುಗರಿಗೆ ಈ ಹಂಬಲ ಸಹಜ. ಪಟ್ಟಣದ ಒಂದು ಜಿಮ್ಮಿಗೆ ಹೋದ. ಅಲ್ಲಿನ ಟ್ರೇನರನ ತೋಳು ನೋಡಿಯೇ ಅವನಿಗೆ ನಂಬಿಕೆ ಬಂದಿತ್ತು. ಮೊದಲ ದಿನವೇ ನೂರೈವತ್ತು ಬಸ್ಕಿ, ಅದಾದ ಮೇಲೆ ಭಾರ ಹಿಡಿದು ಇನ್ನಷ್ಟು. ಕಾಲು ನಡುಗಿ ಕೂತಾಗೆಲ್ಲ ‘ಅಜೂನ್ ದೋನ, ಅಜೂನ್ ದೋನ’ ಎಂದು ಟ್ರೇನರ್ ಹುರಿದುಂಬಿಸಿದ. ಇನ್ನೆರಡು, ಇನ್ನೆರಡು. ಮೂರನೆಯ ದಿನ ಬೆಳಿಗ್ಗೆ ನನಗೆ ಫೋನು ಬಂತು.

‘ಮಾಮಾ, ಕಾಲ ಮಡಚಾಕ ಬರವಲ್ದು. ಮತ್ತ... ಉಚ್ಚಿ ಚಹಾದಾಂಗ ಕಪ್ಪ ಬರಾಕತ್ತೈತಿ.’

ಆ ಎರಡನೆಯ ವಾಕ್ಯ ಕೇಳಿ ನನ್ನ ಎದೆ ಧಸಕ್ಕೆಂದಿತು. ‘ಏನೂ ತಿನಬ್ಯಾಡ, ಗುಳಿಗಿ ನುಂಗಬ್ಯಾಡ, ನಿಮ್ಮವ್ವನ ಕರಕೊಂಡು ಈಗಿಂದೀಗ ದವಾಖಾನಿಗೆ ನಡಿ’ ಎಂದೆ. ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನ್ ಕೈನೇಸ್ ಎಂಬ ಕಿಣ್ವದ ಅಳತೆ ನಲವತ್ತು ಸಾವಿರ ದಾಟಿತ್ತು. ಸಾಮಾನ್ಯವಾಗಿ ಅದು ಇರಬೇಕಾದದ್ದು ಇನ್ನೂರರ ಆಸುಪಾಸು. ನಾಲ್ಕು ದಿನ ಸಲೈನ್ ಹಚ್ಚಿದರು. ಮೂತ್ರಪಿಂಡ ಉಳಿಯಿತು.

ಆ ತೊಡೆಯೊಳಗೆ ನಡೆದದ್ದನ್ನು ತುಸು ಹತ್ತಿರದಿಂದ ನೋಡೋಣ. ಸ್ನಾಯುವಿನ ಎಳೆಯೊಂದು ಕೂದಲಿನಷ್ಟು ತೆಳುವಾದ ಕೊಳವೆ. ಅದರ ತುಂಬ ಎರಡು ಬಗೆಯ ಪ್ರೋಟೀನು ತಂತುಗಳು ಒಂದರೊಳಗೊಂದು ಜಾರುವಂತೆ ಜೋಡಿಸಿಕೊಂಡಿರುತ್ತವೆ. ಬಸ್ಕಿಯಲ್ಲಿ ಮೇಲೇಳುವಾಗ ತೊಡೆಯ ಸ್ನಾಯು ಕುಗ್ಗುತ್ತದೆ, ಅದರಿಂದ ಹೆಚ್ಚು ತೊಂದರೆಯಿಲ್ಲ. ಕೆಳಗಿಳಿಯುವಾಗ ಅದೇ ಸ್ನಾಯು ಮೈಭಾರವನ್ನು ತಡೆಯುತ್ತಲೇ ಉದ್ದವಾಗಬೇಕು. ಬಿಗಿ ಹಿಡಿದ ಹಗ್ಗವನ್ನು ಇನ್ನೊಬ್ಬ ಜಗ್ಗಿದಂತೆ. ಪಳಗದ ಎಳೆಗಳು ಆಗ ಅಲ್ಲಲ್ಲಿ ಹರಿಯುತ್ತವೆ. ಹರಿದ ಪೊರೆಯಿಂದ ಕ್ಯಾಲ್ಸಿಯಂ ಒಳನುಗ್ಗಿ ತಂತುಗಳನ್ನು ಇನ್ನಷ್ಟು ಹಾಳುಮಾಡುತ್ತದೆ. ಒಳಗಿದ್ದ ಕ್ರಿಯಾಟಿನ್ ಕೈನೇಸ್ ಮತ್ತು ಮಯೋಗ್ಲೋಬಿನ್ ರಕ್ತಕ್ಕೆ ಸೋರುತ್ತವೆ. ಮಯೋಗ್ಲೋಬಿನ್ ಎಂದರೆ ಸ್ನಾಯುವಿನಲ್ಲಿ ಆಮ್ಲಜನಕ ಹಿಡಿದಿಡುವ ಕೆಂಪು ವಸ್ತು. ಸ್ವಲ್ಪ ಸೋರಿದರೆ ಮೂತ್ರಪಿಂಡ ಸೋಸಿ ಹೊರಹಾಕುತ್ತದೆ. ಬಹಳ ಸೋರಿದರೆ ಅದರ ಸಣ್ಣ ಕೊಳವೆಗಳಲ್ಲಿ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಹುಡುಗ ಕಂಡ ಚಹಾದ ಬಣ್ಣ ಈ ಮಯೋಗ್ಲೋಬಿನ್ನಿನದೇ. ವೈದ್ಯರು ಇದನ್ನು ರ‍್ಯಾಬ್ಡೋಮಯೋಲಿಸಿಸ್ ಎನ್ನುತ್ತಾರೆ, ಅಂದರೆ ಸ್ನಾಯು ಕರಗುವುದು.

ಇದನ್ನು ವೈದ್ಯಲೋಕ ಸ್ಪಷ್ಟವಾಗಿ ಗುರುತಿಸಿದ್ದು ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ. ಲಂಡನ್ ಮೇಲೆ ಬಾಂಬು ಬೀಳುತ್ತಿದ್ದಾಗ ಕುಸಿದ ಗೋಡೆಗಳಡಿ ಸಿಕ್ಕ ಕೆಲವರನ್ನು ಜೀವಂತ ಹೊರತೆಗೆದರು. ಚೆನ್ನಾಗಿಯೇ ಮಾತಾಡುತ್ತಿದ್ದವರು ಕೆಲ ದಿನಗಳಲ್ಲಿ ಮೂತ್ರಪಿಂಡ ನಿಂತು ತೀರಿಹೋದರು. 1941ರಲ್ಲಿ ಎರಿಕ್ ಬೈವಾಟರ್ಸ್ ಎಂಬ ವೈದ್ಯ ಇದನ್ನು ದಾಖಲಿಸಿದ. ಗೋಡೆ ಬಿದ್ದು ಆಗುವುದು ಬಸ್ಕಿ ಹೊಡೆದೂ ಆಗಬಹುದು ಎಂದರೆ ನಮ್ಮವರು ನಂಬುವುದಿಲ್ಲ. 2011ರ ಜನವರಿಯಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಫುಟ್‌ಬಾಲ್ ಆಟಗಾರರು ರಜೆ ಮುಗಿಸಿ ಬಂದರು. ತಾವು ಎತ್ತಬಲ್ಲ ಗರಿಷ್ಠ ಭಾರದ ಅರ್ಧದಷ್ಟನ್ನು ಹೆಗಲ ಮೇಲೆ ಹೊತ್ತು ನೂರು ಸಲ ಕೂತೇಳುವ ಕೆಲಸವನ್ನು ಅವರಿಗೆ ಕೊಟ್ಟರು. ಹದಿಮೂರು ಮಂದಿ ಆಸ್ಪತ್ರೆ ಸೇರಿದರು. ಅವರು ಎಳೆಯ ಮೈಯವರಲ್ಲ, ವರ್ಷಗಟ್ಟಲೆ ಪಳಗಿದವರು. ಕೆಲವು ವಾರಗಳ ಬಿಡುವೇ ಅಷ್ಟು ವ್ಯತ್ಯಾಸ ಮಾಡಿತ್ತು.

ಒಳ್ಳೆಯ ಸುದ್ದಿಯೂ ಇದೆ. ಮೊದಲ ಸಲ ಸ್ವಲ್ಪವೇ ಬಸ್ಕಿ ಹೊಡೆದು ಬಿಟ್ಟರೆ ಆ ಒಂದು ಸಣ್ಣ ಪೆಟ್ಟಿನಿಂದಲೇ ಸ್ನಾಯು ಎಚ್ಚರಗೊಂಡು ತನ್ನನ್ನು ಬಲಪಡಿಸಿಕೊಳ್ಳುತ್ತದೆ. ಮುಂದಿನ ಸಲ ಅದೇ ಕೆಲಸಕ್ಕೆ ನೋವು ಬಹಳ ಕಡಿಮೆ, ಸೋರಿಕೆಯೂ ಕಡಿಮೆ. ಈ ರಕ್ಷಣೆ ವಾರಗಟ್ಟಲೆ ಉಳಿಯುತ್ತದೆ. ಎಂದಮೇಲೆ ಮೊದಲ ದಿನ ಎಷ್ಟು ಕೊಡಬೇಕೆಂಬುದೇ ಟ್ರೇನರನಿಗೆ ಮೊದಲ ಪರೀಕ್ಷೆ. ಅವನ ತೋಳು ಎಷ್ಟು ದಪ್ಪ ಎಂಬುದು ಈ ಪರೀಕ್ಷೆಯಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ‘ನಾಳೆ ನೋವು ಬರದಿದ್ದರೆ ಸಾಮು ಆದಂಗಲ್ಲ’ ಎನ್ನುವವನನ್ನು ದೂರವಿಡಿ. ನೋವು ವ್ಯಾಯಾಮದ ಮಾರನೆಯ ದಿನ ಮೂಡಿ ಎರಡು ಮೂರು ದಿನಕ್ಕೆ ಏರುತ್ತದೆ. ಆಮ್ಲ ಕಟ್ಟಿಕೊಂಡು ನೋವಾಗುತ್ತದೆ ಎಂಬ ಹಳೆಯ ವಿವರಣೆಯೂ ತಪ್ಪು. ಲ್ಯಾಕ್ಟಿಕ್ ಆಮ್ಲವೆಂದು ಕರೆಯುವುದು ವ್ಯಾಯಾಮ ನಿಲ್ಲಿಸಿದ ಒಂದೆರಡು ಗಂಟೆಗಳೊಳಗೆ ತಾನೇ ಖಾಲಿಯಾಗಿರುತ್ತದೆ.

ನಮ್ಮ ಸೀಮೆಯಲ್ಲಿ ಈ ಪ್ರಮಾಣದ ಲೆಕ್ಕ ಗೊತ್ತಿದ್ದವರು ಇದ್ದರು. ಕೃಷ್ಣೆ, ದೂಧಗಂಗೆಯ ದಂಡೆಯ ಊರುಗಳಲ್ಲಿ ಕುಸ್ತಿಯ ತಾಲೀಮು ಇರುತ್ತಿತ್ತು, ತಾಲೀಮಿಗೆ ಒಬ್ಬ ವಸ್ತಾದ, ಅಂದರೆ ಗುರು. ಉತ್ತರಕ್ಕೆ ಕೊಲ್ಹಾಪುರ ಇತ್ತು. ಶಾಹೂ ಮಹಾರಾಜರು ಕಟ್ಟಿಸಿದ ಖಾಸಬಾಗ ಕುಸ್ತಿ ಮೈದಾನ 1912ರಲ್ಲಿ ಪೂರ್ತಿಯಾದ ಮೇಲೆ ಗಡಿಯ ಈಚೆಯ ಕನ್ನಡದ ಹುಡುಗರೂ ಆ ಮಣ್ಣನ್ನೇ ಕನಸು ಕಂಡರು. ಭೋಜಕ್ಕೆ ಹತ್ತಿರದ ಎಕ್ಸಂಬಾದವರು ಶ್ರೀಪತಿ ಖಂಚನಾಳೆ. ಕೊಲ್ಹಾಪುರದ ತಾಲೀಮಿನಲ್ಲಿ ಪಳಗಿ 1959ರಲ್ಲಿ ಕುಸ್ತಿಯ ಮೊಟ್ಟಮೊದಲ ಹಿಂದ್ ಕೇಸರಿಯಾದರು. 2020ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ ಚಿಕ್ಕೋಡಿ ಕಡೆಯ ಹಳೆಯ ಪೈಲ್ವಾನರು ಮನೆಯವರನ್ನು ಕಳೆದುಕೊಂಡಂತೆ ಮರುಗಿದರು.

ತಾಲೀಮಿಗೆ ಹೊಸದಾಗಿ ಬಂದ ಹುಡುಗನನ್ನು ವಸ್ತಾದ ಕೂಡಲೇ ಜೋಡಿಗೆ ಬಿಡುತ್ತಿರಲಿಲ್ಲ. ಮೊದಲು ಕೈಗೆ ಸಲಿಕೆ. ಮಜ್ಜಿಗೆ, ಎಣ್ಣೆ, ಅರಿಷಿಣ ಕುಡಿದ ಕೆಮ್ಮಣ್ಣನ್ನು ದಿನಾ ಅಗೆದು ಹಸನು ಮಾಡುವ ಕೆಲಸ. ಹೊರಗಿನವರಿಗೆ ಅದು ಚಾಕರಿ ಅನಿಸೀತು. ಅದು ಬೆನ್ನಿಗೂ ಹೆಗಲಿಗೂ ಮುಂಗೈ ಹಿಡಿತಕ್ಕೂ ಮೆಲ್ಲಗೆ ಭಾರ ಹಾಕುವ ಉಪಾಯ. ಆಮೇಲೆ ಹತ್ತು ಜೋರು (ದಂಡ), ಇಪ್ಪತ್ತು ಬೈಠಕ (ಬಸ್ಕಿ). ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಎಣಿಕೆ ಏರುತ್ತಿತ್ತು. ಸಾವಿರ ಬೈಠಕ ಹೊಡೆಯುವ ಪೈಲ್ವಾನನ ಕಥೆ ನಮ್ಮ ಹುಡುಗರಿಗೆ ಗೊತ್ತು. ಆ ಸಾವಿರಕ್ಕೆ ಮುಟ್ಟಲು ಅವನು ತೆಗೆದುಕೊಂಡ ವರ್ಷಗಳು ಗೊತ್ತಿಲ್ಲ.

ಈ ತಿಳಿವು ತಾಲೀಮಿಗಿಂತಲೂ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದ ಎಂಬ ಭಾಗವಿದೆ. ಅಲ್ಲಿ ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ನೋಡಿ ಬೇರೆಬೇರೆ ತರಗತಿಗಳಿಗೆ ಹಾಕುತ್ತಾರೆ. ಯಾರಿಗೆ ಯಾವ ಸಾಮು, ಏನು ಊಟ ಎಂಬುದೂ ಅಲ್ಲಿದೆ. ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಒಂದೇ ಎಣಿಕೆ ಕೊಡುವ ಇಂದಿನ ಕೆಲವು ಜಿಮ್ಮುಗಳಿಗಿಂತ ಅದು ಮುಂದಿತ್ತು. ಇನ್ನೂ ಹಿಂದಿನ ಸುಶ್ರುತ ಸಂಹಿತೆ ವ್ಯಾಯಾಮವನ್ನು ತನ್ನ ಬಲದ ಅರ್ಧದಷ್ಟೇ ಮಾಡಬೇಕೆಂದು ಹೇಳಿ, ಅರ್ಧವಾಯಿತೆಂದು ತಿಳಿಯುವ ಗುರುತನ್ನೂ ಕೊಡುತ್ತದೆ: ಉಸಿರು ಬಾಯಿಗೆ ಬರುವುದು. ಇಂದಿನ ವ್ಯಾಯಾಮ ವಿಜ್ಞಾನದಲ್ಲಿ ಮಾತಿನ ಪರೀಕ್ಷೆ ಎಂದೊಂದಿದೆ. ನಡೆಯುತ್ತಲೋ ಓಡುತ್ತಲೋ ಮಾತಾಡಲು ಬರುತ್ತಿದ್ದು ಹಾಡಲು ಬಾರದಿದ್ದರೆ ಅದು ಮಧ್ಯಮ ಶ್ರಮ. ಮಾತೇ ತುಂಡಾಗತೊಡಗಿದರೆ ತೀವ್ರ ಶ್ರಮ. ಎರಡೂ ಉಸಿರನ್ನೇ ಅಳತೆಗೋಲು ಮಾಡಿಕೊಂಡಿವೆ.

ವಸ್ತಾದನನ್ನು ಹೊಗಳಿ ಅಲ್ಲಿಗೇ ನಿಲ್ಲಿಸಿದರೆ ಅನ್ಯಾಯವಾದೀತು. ಸಾಮು ಮಾಡುವಾಗ ನೀರು ಕುಡಿಯಬಾರದೆಂದು ಎಷ್ಟೋ ತಾಲೀಮುಗಳಲ್ಲಿ ಹೇಳುತ್ತಿದ್ದರು, ಅದು ತಪ್ಪು. ಹೆಣ್ಣುಮಕ್ಕಳಿಗೆ ಆ ಬಾಗಿಲು ತೆರೆದಿರಲಿಲ್ಲ. ಮಣ್ಣಿನ ಕುಸ್ತಿಗೆ ಸರಿಯಾದ ಕಲಿಕೆ ಬೇರೆಡೆಗೆ ಸಾಲುತ್ತಲೂ ಇರಲಿಲ್ಲ. ಕರಾಡದ ಹತ್ತಿರದ ಗೋಳೇಶ್ವರದ ಖಾಶಾಬಾ ಜಾಧವ ಕೊಲ್ಹಾಪುರದಲ್ಲಿ ಓದಿ, ಕುಸ್ತಿ ಆಡಿ 1948ರ ಲಂಡನ್ ಒಲಿಂಪಿಕ್ಸಿಗೆ ಹೋದಾಗ ಮ್ಯಾಟಿನ ಮೇಲಿನ ಕುಸ್ತಿ ಅವರಿಗೆ ಹೊಸದು. ಅಮೆರಿಕದ ರೀಸ್ ಗಾರ್ಡ್ನರ್ ಅವರಿಗೆ ಮ್ಯಾಟಿನ ನಿಯಮ, ಪಟ್ಟುಗಳನ್ನು ಕಲಿಸಿಕೊಟ್ಟರು. ಆ ವರ್ಷ ಜಾಧವ ಆರನೆಯವರಾದರು. 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚು ಗೆದ್ದರು, ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ.

ಮೈ ತಾನು ಮಾಡಿದ ಕೆಲಸಕ್ಕಷ್ಟೇ ಪಳಗುತ್ತದೆ. ಸೈನ್ಯದ ಅಗ್ನಿವೀರ ಭರ್ತಿಯಲ್ಲಿ 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಓಡಿದವನಿಗೆ ಪೂರ್ಣ ಅಂಕ. ಅಷ್ಟು ಹೊತ್ತಿನ ಓಟಕ್ಕೆ ಬೇಕಾದ ಶಕ್ತಿಯಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಬರುವುದು ಉಸಿರಿನ ಆಮ್ಲಜನಕದಿಂದ. ಹೃದಯ ಒಂದು ಬಡಿತಕ್ಕೆ ಎಷ್ಟು ರಕ್ತ ನೂಕುತ್ತದೆ, ತೊಡೆಯ ಜೀವಕೋಶಗಳಲ್ಲಿ ಎಷ್ಟು ಮೈಟೊಕಾಂಡ್ರಿಯಾ ಇವೆ ಎಂಬುದರ ಮೇಲೆ ಅದು ನಿಂತಿದೆ. ಇವು ಬೆಳೆಯುವುದು ವಾರಗಟ್ಟಲೆ ಮಾಡಿದ ಸಾವಕಾಶದ ಉದ್ದ ಓಟದಿಂದ, ಅದರ ನಡುವೆ ಅಳೆದು ಹಾಕಿದ ವೇಗದ ಸುತ್ತುಗಳಿಂದ. ನನ್ನ ಸೋದರಳಿಯನ ಟ್ರೇನರ್ ದೇಹದಾರ್ಢ್ಯದ ವೇದಿಕೆಯ ಮೇಲೆ ನಿಂತವನು. ಅದು ಸಣ್ಣ ಸಾಧನೆಯಲ್ಲ. ಆದರೆ ಹುಡುಗನಿಗೆ ಬೇಕಿದ್ದದ್ದು ಓಟ. ‘ನನ್ನಂಥ ಗುರಿಯಿದ್ದ ಎಷ್ಟು ಮಂದಿಯನ್ನು ನೀವು ತಯಾರು ಮಾಡಿದ್ದೀರಿ?’ ಎಂದು ಅವನು ಕೇಳಬೇಕಿತ್ತು. ನಾನು ಹೇಳಿಕೊಡಬೇಕಿತ್ತು.

ಪ್ರಮಾಣಪತ್ರದ ಮಾತಿಗೆ ಬರೋಣ. ವೈದ್ಯರಿಗೆ, ನರ್ಸುಗಳಿಗೆ ಇರುವಂತೆ ಜಿಮ್ ಟ್ರೇನರಿಗೆ ನಮ್ಮ ದೇಶದಲ್ಲಿ ಕಡ್ಡಾಯ ನೋಂದಣಿ ಇಲ್ಲ. ಟೀಶರ್ಟಿನ ಬೆನ್ನ ಮೇಲೆ ಟ್ರೇನರ್ ಎಂದು ಬರೆಯಿಸಿಕೊಂಡರೆ ತಡೆಯುವವರಿಲ್ಲ. ಹಾಗಾಗಿ ಕೇಳಿ ನೋಡುವ ಹೊಣೆ ನಮ್ಮದೇ. 1961ರಲ್ಲಿ ಶುರುವಾದ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ತರಬೇತಿ ಡಿಪ್ಲೊಮಾ ಕ್ರೀಡೆಯ ಕೋಚುಗಳಿಗೆ ಗೌರವದ ಕಾಗದ. ಬಿಪಿಎಡ್ ಮಾಡಿದವರು ಮೈಯ ರಚನೆ, ಕೆಲಸ ಓದಿರುತ್ತಾರೆ. ಕೇಂದ್ರದ ಕೌಶಲ ವ್ಯವಸ್ಥೆಯಡಿ ಫಿಟ್‌ನೆಸ್ ಟ್ರೇನರ್ ಎಂಬ ಅರ್ಹತೆ ಇದೆ. ಎಸಿಇ, ಎನ್‌ಎಎಸ್‌ಎಂ, ಎನ್‌ಎಸ್‌ಸಿಎ, ಎಸಿಎಸ್‌ಎಂ ಎಂಬ ಅಮೆರಿಕದ ಸಂಸ್ಥೆಗಳ ಪರೀಕ್ಷೆ ಬರೆದವರೂ ನಮ್ಮಲ್ಲಿದ್ದಾರೆ. ಇಂಥ ಪತ್ರಗಳಿಗೆ ಅವಧಿ ಇರುತ್ತದೆ. ಎಸಿಇ ಪತ್ರವನ್ನು ಎರಡು ವರ್ಷಕ್ಕೊಮ್ಮೆ ಹೊಸ ಕಲಿಕೆ ತೋರಿಸಿ ನವೀಕರಿಸಬೇಕು. ಗೋಡೆಯ ಮೇಲಿನ ಚೌಕಟ್ಟಿನಲ್ಲಿ ಹೆಸರಿಗಿಂತ ಮೊದಲು ತಾರೀಖು ನೋಡಿ. ಎರಡೇ ದಿನದ ಶಿಬಿರದಲ್ಲಿ ಕೊಟ್ಟ ಕಾಗದವೂ ಅಷ್ಟೇ ಹೊಳೆಯುವ ಚೌಕಟ್ಟಿನಲ್ಲಿರಬಹುದು.

ಕಾಗದಕ್ಕಿಂತ ನನಗೆ ಹೆಚ್ಚು ಭರವಸೆ ಕೊಡುವುದು ಅವನು ಮೊದಲ ಹದಿನೈದು ನಿಮಿಷದಲ್ಲಿ ಏನು ಕೇಳುತ್ತಾನೆ ಎಂಬುದು. ವ್ಯಾಯಾಮ ಶುರುಮಾಡುವ ಮುನ್ನ ಕೇಳಬೇಕಾದ ಏಳು ಪ್ರಶ್ನೆಗಳ ಪಟ್ಟಿಯೊಂದು ಕೆನಡಾದಲ್ಲಿ ಹುಟ್ಟಿ ಲೋಕವೆಲ್ಲ ಹಬ್ಬಿದೆ. ಎದೆನೋವು ಬರುತ್ತದೆಯೇ, ತಲೆ ತಿರುಗಿ ಬಿದ್ದದ್ದುಂಟೇ, ಹೃದಯಕ್ಕೆ, ಬಿಪಿಗೆ ಮಾತ್ರೆ ತೆಗೆದುಕೊಳ್ಳುತ್ತೀರಾ, ಕೀಲು ನೋವಿದೆಯೇ, ಇಂಥವು. ಒಂದಕ್ಕೆ ಹೌದೆಂದರೂ ಮೊದಲು ವೈದ್ಯರನ್ನು ಕಾಣಲು ಹೇಳಬೇಕು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡಾಗ ಕರ್ನಾಟಕವೇ ಎದೆ ಹಿಡಿದುಕೊಂಡು ಕೂತಿತು. ಎಷ್ಟೋ ಜನ ಜಿಮ್ ಬಿಟ್ಟರು, ಎಷ್ಟೋ ಜನ ಹೃದಯ ತಪಾಸಣೆಗೆ ಸಾಲು ನಿಂತರು. ಎರಡನೆಯದು ಒಳ್ಳೆಯದಾಯಿತು. ಮೊದಲನೆಯದು ಬೇಕಿರಲಿಲ್ಲ. ಕೂತೇ ಇರುವವನ ಹೃದಯಕ್ಕೆ ಅಪಾಯ ಹೆಚ್ಚು, ಅಳತೆಯಲ್ಲಿ ದುಡಿಸಿದವನ ಹೃದಯಕ್ಕೆ ಕಡಿಮೆ.

ಮಾತ್ರೆಯ ಪ್ರಶ್ನೆ ಏಕೆ ಮುಖ್ಯವೆಂದರೆ, ಗೋಡೆಯ ಮೇಲೆ ಹಚ್ಚಿದ ಲೆಕ್ಕ ಅದರಿಂದ ತಲೆಕೆಳಗಾಗುತ್ತದೆ. 220ರಲ್ಲಿ ವಯಸ್ಸು ಕಳೆದರೆ ಹೃದಯದ ಗರಿಷ್ಠ ಬಡಿತ ಎಂದು ಎಲ್ಲ ಜಿಮ್ಮಿನಲ್ಲೂ ಹೇಳುತ್ತಾರೆ. ಐವತ್ತರವನಿಗೆ 170. ಇದು ಬಹುಜನರ ಸರಾಸರಿ ಮಾತ್ರ, ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತ ಹೆಚ್ಚು ಕಡಿಮೆ ಇರುವುದು ಮಾಮೂಲು. ಬಿಪಿಗೆ ಬೀಟಾ ಬ್ಲಾಕರ್ ಗುಳಿಗೆ ನುಂಗುವವನ ಹೃದಯವಂತೂ ಆ ಎತ್ತರಕ್ಕೆ ಏರುವುದೇ ಇಲ್ಲ. ಅವನನ್ನು 140ಕ್ಕೆ ಮುಟ್ಟಿಸಲು ಓಡಿಸುವ ಟ್ರೇನರ್ ಗೊತ್ತಿಲ್ಲದೆ ಗಂಡಾಂತರಕ್ಕೆ ತಳ್ಳುತ್ತಿರುತ್ತಾನೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಬರಿ ಹೊಟ್ಟೆಯ ವ್ಯಾಯಾಮದಲ್ಲಿ ಸಕ್ಕರೆ ತೀರ ಇಳಿಯುವ ಭಯವಿದೆ. ಇನ್ನೊಂದನ್ನೂ ನೇರವಾಗಿ ಕೇಳಿ: ಇಲ್ಲಿ ಯಾರಾದರೂ ಕುಸಿದು ಬಿದ್ದರೆ ಏನು ಮಾಡುತ್ತೀರಿ? ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, ಐದು ಸೆಂಟಿಮೀಟರ್ ಆಳಕ್ಕೆ ಒತ್ತುತ್ತೇನೆ, ಇನ್ನೊಬ್ಬರಿಂದ 108ಕ್ಕೆ ಫೋನು ಮಾಡಿಸುತ್ತೇನೆ ಎಂದು ತಡವರಿಸದೆ ಹೇಳಬೇಕು. ನೀರು ಚಿಮುಕಿಸುತ್ತೇನೆ ಎಂದರೆ ಎದ್ದು ಬನ್ನಿ.

ನಮ್ಮ ಕಡೆ ಹೆಂಗಸರು ಇದೆಲ್ಲ ತಮಗಲ್ಲ ಅಂದುಕೊಳ್ಳುತ್ತಾರೆ. ನಿಪ್ಪಾಣಿಯಲ್ಲಿ ತಂಬಾಕು, ಬೀಡಿ ಕೆಲಸದಲ್ಲಿ ದಿನವಿಡೀ ನೆಲದ ಮೇಲೆ ಕೂತು ಬೆನ್ನು ಬಾಗಿದವರಿದ್ದಾರೆ. ನನ್ನ ಅಕ್ಕನಿಗೆ ಐವತ್ತೆಂಟು, ಮೊಣಕಾಲು ಹಿಡಿದುಕೊಂಡೇ ಏಳುತ್ತಾಳೆ. ಸ್ನಾಯುವಿಗೆ ವಯಸ್ಸಿನ ಹಂಗು ನಾವಂದುಕೊಂಡಷ್ಟಿಲ್ಲ. 1990ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಮಾರಿಯಾ ಫಿಯಾಟರೋನ್ ಮತ್ತು ಸಂಗಡಿಗರು ಸರಾಸರಿ ತೊಂಬತ್ತು ವಯಸ್ಸಿನ ಹತ್ತು ಮಂದಿಯನ್ನು ಎಂಟು ವಾರ ಭಾರದ ವ್ಯಾಯಾಮಕ್ಕೆ ಹಚ್ಚಿದರು. ಪೂರೈಸಿದವರ ಕಾಲಿನ ಬಲ ಸರಾಸರಿ ಶೇಕಡ 174ರಷ್ಟು ಏರಿತು. ಇಂಥವರಿಗೆ ಒಳ್ಳೆಯ ಟ್ರೇನರ್ ಮೊದಲು ಒಂದು ಕುರ್ಚಿ, ಒಂದು ಗಡಿಯಾರ ತರುತ್ತಾನೆ. ಕೈ ಎದೆಗೆ ಕಟ್ಟಿ ಮೂವತ್ತು ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂಡುತ್ತೀರಿ ಎಂದು ಎಣಿಸುತ್ತಾನೆ. ಅರವತ್ತರಿಂದ ಅರವತ್ನಾಲ್ಕು ವಯಸ್ಸಿನ ಹೆಂಗಸರಲ್ಲಿ ಹನ್ನೆರಡರಿಂದ ಹದಿನೇಳು ಸಲ ಸಾಮಾನ್ಯ. ಅಕ್ಕ ಒಂಬತ್ತಕ್ಕೆ ನಿಂತಳು. ಒಂಬತ್ತು ಎಂಬುದು ಗೊತ್ತಾಗದೆ ಹತ್ತನ್ನು ಕೊಡುವುದು ಹೇಗೆ?

ಪುಡಿಯ ಡಬ್ಬಿಯ ವಿಷಯದಲ್ಲಿ ನಾನು ಕಟುವಾಗಿಯೇ ಹೇಳುತ್ತೇನೆ. ಟ್ರೇನರ್ ತಾನೇ ಪುಡಿ ಮಾರುತ್ತಿದ್ದರೆ ಅವನ ಸಲಹೆಗೂ ಅವನ ಲಾಭಕ್ಕೂ ಗಂಟು ಬಿದ್ದಿದೆ. ಅರವತ್ತು ಕಿಲೋ ತೂಗುವ ವಯಸ್ಕನಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ದಿನಕ್ಕೆ ಕಿಲೋಗೆ 0.83 ಗ್ರಾಂ ಪ್ರೋಟೀನು, ಅಂದರೆ ಸುಮಾರು ಐವತ್ತು ಗ್ರಾಂ. ಭಾರ ಎತ್ತಿ ಸ್ನಾಯು ಬೆಳೆಸುವವನಿಗೆ ಕಿಲೋಗೆ 1.6 ಗ್ರಾಂವರೆಗೆ ಉಪಯೋಗವಿದೆ, ಅದನ್ನು ಮೀರಿದರೆ ಹೆಚ್ಚಿನ ಲಾಭ ಕಾಣುವುದಿಲ್ಲ. ಅದು 96 ಗ್ರಾಂ. ಮೊಟ್ಟೆ, ಮಾಂಸ ಮುಟ್ಟದ ಭೋಜದ ಜೈನ ಮನೆಯಲ್ಲೂ ಇದು ಸಿಗುತ್ತದೆಯೇ? ಮುನ್ನೂರು ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಲ್ಲಿ ಮೂವತ್ತು ಗ್ರಾಂ, ನೂರು ಗ್ರಾಂ ಹೆಸರು, ಮಡಕಿ ಕಾಳಿನಲ್ಲಿ ಇಪ್ಪತ್ತೆರಡರಷ್ಟು, ನೂರು ಗ್ರಾಂ ಶೇಂಗಾದಲ್ಲಿ ಇಪ್ಪತ್ನಾಲ್ಕು, ಅರ್ಧ ಲೀಟರ್ ಹಾಲಿನಲ್ಲಿ ಹದಿನಾರು. ಕೂಡಿಸಿ ನೋಡಿ, ತೊಂಬತ್ತೆರಡು, ಬಹುತೇಕ ಮುಟ್ಟಿದಂತೆಯೇ. ಜೋಳದಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಅಮೈನೊ ಆಮ್ಲ ಕಾಳಿನಲ್ಲಿ ಧಾರಾಳ. ರೊಟ್ಟಿಯ ಜೊತೆ ಕಾಳಿನ ಪಲ್ಯ ಹಚ್ಚಿದ ಅಜ್ಜಿಯರ ಕೈಗೆ ಈ ಹೊಂದಾಣಿಕೆ ಗೊತ್ತಿತ್ತು.

ಪುಡಿಗಿಂತ ಭಯಂಕರವಾದದ್ದು ಸೂಜಿ. ಶಸ್ತ್ರಕ್ರಿಯೆಯ ಹೊತ್ತಿನಲ್ಲಿ ರಕ್ತದೊತ್ತಡ ಕುಸಿದಾಗ ಅರಿವಳಿಕೆ ವೈದ್ಯರು ಬಳಸುವ ಮೆಫೆಂಟರ್ಮಿನ್ ಎಂಬ ಔಷಧ ನಮ್ಮ ದೇಶದಲ್ಲಿ ಕೆಲವು ಜಿಮ್ಮು, ಕುಸ್ತಿಯ ಹುಡುಗರ ಕೈಗೆ ಬಂದಿದೆ. ಅದು ಹೃದಯವನ್ನು ಚಾಬೂಕು ಹೊಡೆದು ಓಡಿಸುತ್ತದೆ, ಆಯಾಸ ತಿಳಿಯಗೊಡುವುದಿಲ್ಲ. ಆಯಾಸ ತಿಳಿಯದವನು ತನ್ನ ಅರ್ಧಬಲವನ್ನು ಎಲ್ಲಿಂದ ಗುರುತಿಸಬೇಕು? ಸ್ಟೆರಾಯ್ಡ್ ಚುಚ್ಚಿಕೊಂಡರೆ ತೋಳು ಉಬ್ಬುತ್ತದೆ, ಜೊತೆಗೆ ಹೃದಯದ ಗೋಡೆ ದಪ್ಪವಾಗುತ್ತದೆ, ವೃಷಣ ಸೊರಗುತ್ತದೆ, ಒಳ್ಳೆಯ ಕೊಲೆಸ್ಟ್ರಾಲ್ ಇಳಿಯುತ್ತದೆ. ‘ಒಂದ್ ಕೋರ್ಸ್ ಹಾಕೋ’ ಎಂದು ಪಿಸುಗುಡುವ ಟ್ರೇನರ್ ಎಂಥ ಪ್ರಮಾಣಪತ್ರ ಇಟ್ಟುಕೊಂಡಿದ್ದರೂ ಅವನ ಹೊಸಿಲು ತುಳಿಯಬೇಡಿ.

ಕೊನೆಗೆ ಅವನು ಬರೆದಿಡುತ್ತಾನೆಯೇ ಎಂದು ನೋಡಿ. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರು ಅಮೆರಿಕದ ಸೇನಾ ಆಸ್ಪತ್ರೆಗಳಲ್ಲಿ ತಿಂಗಳುಗಟ್ಟಲೆ ಬಿದ್ದಿರುತ್ತಿದ್ದರು. ತಾನೇ ಭಾರ ಎತ್ತುವ ಹವ್ಯಾಸವಿದ್ದ ವೈದ್ಯ ಥಾಮಸ್ ಡೆಲೋರ್ಮ್ ಆ ಸೈನಿಕರ ಸೊರಗಿದ ಕಾಲುಗಳಿಗೆ ಭಾರ ಕಟ್ಟಿ, ಯಾರು ಎಷ್ಟು ಎತ್ತಿದರು ಎಂದು ಗುರುತಿಟ್ಟು ಹಂತಹಂತವಾಗಿ ಏರಿಸುತ್ತ ಹೋದರು. 1945ರಲ್ಲಿ ಅದನ್ನು ಪ್ರಕಟಿಸಿದರು. ಇಂದಿನ ಭಾರದ ತರಬೇತಿಯ ಲೆಕ್ಕದ ಬೇರು ಅಲ್ಲಿದೆ. ಈಗಿನ ಸಾಮಾನ್ಯ ಸಲಹೆ ಒಂದು ಸಲಕ್ಕೆ ಶೇಕಡ ಎರಡರಿಂದ ಹತ್ತರಷ್ಟು ಏರಿಸುವುದು, ಅದೂ ಈಗಿನ ಭಾರ ಸಲೀಸಾದ ಮೇಲೆ. ಮೊದಲ ಕೆಲವು ವಾರಗಳಲ್ಲಿ ಬಲ ಏರುವುದು ಬಹುಪಾಲು ನರಗಳ ಕಲಿಕೆಯಿಂದ, ತೋಳಿನ ಸುತ್ತಳತೆ ಹೆಚ್ಚು ಬದಲಾಗಿರುವುದಿಲ್ಲ. ಇದು ತಿಳಿದ ಟ್ರೇನರ್ ಕನ್ನಡಿ ತೋರಿಸಿ ಆಸೆ ಹುಟ್ಟಿಸುವುದಿಲ್ಲ, ವಹಿ ತೋರಿಸುತ್ತಾನೆ.

ಸೋದರಳಿಯ ಆಸ್ಪತ್ರೆಯಿಂದ ಬಂದ ಎರಡು ತಿಂಗಳ ಮೇಲೆ ಪಕ್ಕದ ಊರಿನ ಒಬ್ಬ ನಿವೃತ್ತ ದೈಹಿಕ ಶಿಕ್ಷಕರ ಬಳಿ ಅವನನ್ನು ಕರೆದುಕೊಂಡು ಹೋದೆ. ತಾಲೀಮಿನಲ್ಲಿ ಬೆಳೆದು, ಆಮೇಲೆ ಓದಿ ಮಾಸ್ತರರಾದವರು. ರಕ್ತದ ವರದಿ ನೋಡಿ, ‘ಡಾಕ್ಟರು ಆಗಬಹುದು ಅಂತ ಬರದು ಕೊಡ್ಲಿ, ಆಮ್ಯಾಗ ನೋಡೂಣು’ ಎಂದು ವಾಪಸು ಕಳಿಸಿದರು. ಬರೆಯಿಸಿಕೊಂಡು ಬಂದ ಮೇಲೆ ಇಪ್ಪತ್ತು ನಿಮಿಷ ಬರೀ ಕೇಳಿದರು: ಎಷ್ಟು ಹೊತ್ತಿಗೆ ಮಲಗುತ್ತಿ, ತಂಬಾಕು ಇದೆಯಾ, ಮೂತ್ರದ ಬಣ್ಣ ಈಗ ಹೇಗಿದೆ. ಆಮೇಲೆ ನೂರು ಹಾಳೆಯ ನೋಟುಬುಕ್ಕು ತೆರೆದು ಬರೆದರು. ಸೋಮವಾರ: ಬಸ್ಕಿ ಎಂಟು, ಎರಡು ಸಲ. ಮಂಗಳವಾರ: ನಡಿಗೆ ಇಪ್ಪತ್ತು ನಿಮಿಷ.

‘ಸರ್, ಎಂಟ್ ಅಂದ್ರ ಏನೂ ಅಲ್ರಿ’ ಎಂದ ಹುಡುಗ.

‘ಬುಧವಾರ ಬಾ’ ಎಂದರು ಮಾಸ್ತರರು.

ಬುಧವಾರ ನಾನೂ ಜೊತೆಗೆ ಹೋಗಿದ್ದೆ. ಅವರು ನೋಟುಬುಕ್ಕು ತೆಗೆಯಲಿಲ್ಲ. ಹುಡುಗನನ್ನು ಕಟ್ಟೆಯ ಮೇಲೆ ಕೂರಿಸಿ, ತೊಡೆಯ ಮೇಲೆ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿ, ಅವನ ಮುಖ ನೋಡುತ್ತ ‘ಇಲ್ಲಿ?’ ಎಂದರು.